ಜೀಪಿನ ಬ್ಯಾಟರಿ ಒಂದು ಬಿಟ್ಟು ಉಳಿದಿದ್ದೆಲ್ಲ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದು ತೀರ್ಥಹಳ್ಳಿ ಭಾವ. ಬೆಳಿಗ್ಗೆ ಆರೂವರೆಗೆ, ಎರಡು ಬಾಣದ ಗುರುತಿನ ಸಮೇತ, ಅಂದರೆ ಯಾವ ಯಾವ ಗುಂಪು ಸುತ್ತಿ ಬಂದಿದೆಯೋ ದೇವರಿಗೇ ಗೊತ್ತು. ಒಂದು ಜೀಪಿನ ಚಿತ್ರ, ಮುಂದೆ ವಿಂಚ್, ಅಂದರೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟರ್, ಕೆಳಗೆ ಎರಡು ಬ್ಯಾಟರಿ, ಕೆಂಪು ಕಪ್ಪು ಗೆರೆಗಳು. ‘ಮಳೆಗಾಲದಲ್ಲಿ ಕೆಸರಲ್ಲಿ ಹೂತರೆ ಚಿಂತೆ ಬೇಡ! ಎರಡು ಬ್ಯಾಟರಿ ಹೀಗೆ ಜೋಡಿಸಿ, ವಿಂಚ್ ಬಲ ಡಬಲ್! ಕಂಪನಿಯವರು ಹೇಳದ ಗುಟ್ಟು! ಹತ್ತು ಜನರಿಗೆ ಕಳಿಸಿ.’ ಅದರ ಕೆಳಗೆ ಭಾವನ ಸ್ವಂತ ಸಾಲು: ‘ನಮ್ಮ ಹೊಸನಗರದ ಇಂಜಿನಿಯರ್ ಸಾಹೇಬರ ಗಮನಕ್ಕೆ.’ ಜೊತೆಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳ ಒಂದು ಸಾಲು.

ಇಂಜಿನಿಯರ್ ಸಾಹೇಬರು ಅಂದರೆ ಚಿಕ್ಕಪ್ಪನ ಮಗ, ನನಗೆ ತಮ್ಮ. ಓದಿದ್ದು ಬಿ.ಕಾಂ. ನೋಡಿಕೊಳ್ಳುವುದು ಅಡಿಕೆ ತೋಟ. ಹಳೇ ಡೀಸೆಲ್ ಜೀಪಿಗೆ ಈ ಸಲ ಮಳೆ ಹಿಡಿಯುವ ಮೊದಲು ಸೆಕೆಂಡ್ ಹ್ಯಾಂಡ್ ವಿಂಚ್ ಹಾಕಿಸಿದ್ದಾನೆ. ಅವನ ಮನೆ ದಾರಿ ನೋಡಿದವರಿಗೆ ಇದು ಶೋಕಿ ಅನ್ನಿಸುವುದಿಲ್ಲ. ಹಳ್ಳ ದಾಟಿದ ಮೇಲೆ ಎರಡೂ ಕಡೆ ಧರೆ, ನಡುವೆ ಕೆಂಪು ಜೇಡಿ. ಔಷಧಿ ಹೊಡೆಯುವ ಕಾಲಕ್ಕೆ ಮೈಲುತುತ್ತ, ಸುಣ್ಣ, ಡ್ರಮ್ಮು, ಮೋಟರ್, ಮರ ಹತ್ತುವ ಕೊನೆಗೌಡರು ಎಲ್ಲ ಅದೇ ದಾರಿಯಲ್ಲಿ ಹೋಗಬೇಕು, ಮತ್ತು ಕೊಳೆರೋಗ ದಾರಿ ಒಣಗಲಿ ಅಂತ ಕಾಯುವುದಿಲ್ಲ. ಆದರೆ ಭಾವ ಆ ಮನೆಗೆ ಹೋಗುವುದು ಬೇಸಿಗೆಯಲ್ಲಿ, ಹಲಸಿನ ಹಪ್ಪಳದ ಹೊತ್ತಿಗೆ. ಅವರ ಲೆಕ್ಕದಲ್ಲಿ ವಿಂಚ್ ಅಂದರೆ ಅಡಿಕೆಗೆ ರೇಟು ಬಂದವರ ರೋಗ.

ಎರಡೇ ನಿಮಿಷಕ್ಕೆ ಮೈಸೂರಿನ ಅಕ್ಕ ಬಂದಳು. ‘ಇದಕ್ಕೆ ಮೂಲ ಏನು?’

ಕೇಳುವುದು ಒಳ್ಳೆಯ ಅಭ್ಯಾಸವೇ. ಆದರೆ ಅಕ್ಕ ಚಿತ್ರ ತೆರೆಯುವ ಮೊದಲೇ ಕೇಳುತ್ತಾಳೆ, ಉತ್ತರ ಬಂದ ಮೇಲೂ ತೆರೆಯುವುದಿಲ್ಲ.

ಭಾವ: ‘ನಿನಗೆ ಎಲ್ಲದಕ್ಕೂ ಮೂಲ ಬೇಕು. 2020ರಲ್ಲಿ ಕಷಾಯದ ಮೆಸೇಜಿಗೂ ಮೂಲ ಕೇಳಿದ್ದೆ. ಆಮೇಲೆ ಊರಿಗೆ ಬಂದಾಗ ದಿನಾ ಎರಡು ಲೋಟ ಕುಡಿದವಳು ಯಾರು?’

‘ಅದು ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ.’

ಅತ್ತೆ: ‘ಬೆಳಿಗ್ಗೆ ಬೆಳಿಗ್ಗೆ ನನ್ನ ಹೆಸರು ಯಾಕೆ ಬಂತು?’

ಅಲ್ಲಿಗೆ ಬ್ಯಾಟರಿ ಮುಗಿಯಿತು. ಮುಂದಿನ ಅರ್ಧ ಗಂಟೆ ಕಷಾಯ. ಮೆಣಸು ಜಾಸ್ತಿಯಾಗಿತ್ತೋ ಇಲ್ಲವೋ, ಅದಕ್ಕೆ ಯಾರ ಹೊಟ್ಟೆ ಉರಿಯಿತು, ಆಗ ಊರಲ್ಲಿ ಯಾರು ಯಾರನ್ನು ಮನೆಯೊಳಗೆ ಬಿಡಲಿಲ್ಲ, ಎಲ್ಲ ಬಂತು.

ಆಮೇಲೆ ದೊಡ್ಡಪ್ಪ. ದೊಡ್ಡಪ್ಪ ಟೈಪ್ ಮಾಡುವುದಿಲ್ಲ, ಫೋನಿಗೆ ಹೇಳಿ ಬರೆಸುತ್ತಾರೆ, ಹಾಗಾಗಿ ಅವರ ಮೆಸೇಜಿಗೆ ಎಲ್ಲಿಯೂ ಚುಕ್ಕಿ ಇರುವುದಿಲ್ಲ. ‘ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ನೋಡಿ 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಮುಳುಗಡೆಯಲ್ಲಿ ನಾವು ಮನೆ ಸಾಮಾನೆಲ್ಲ ಎತ್ತಿನ ಗಾಡಿಯಲ್ಲಿ ಸಾಗಿಸಿದ್ದು ಆಗ ಯಾವ ಬ್ಯಾಟರಿ ಇತ್ತು ಯಾವ ವಿಂಚ್ ಇತ್ತು ಗಾಡಿ ಹೂತರೆ ಊರಿಗೆ ಊರೇ ಬಂದು ಹೆಗಲು ಕೊಡುತ್ತಿತ್ತು ಅದು ಸಂಸ್ಕಾರ’

ಇದಕ್ಕೆ ತಮ್ಮ ಉತ್ತರ ಕೊಟ್ಟ. ಅವತ್ತು ಬೆಳಿಗ್ಗೆಯೆಲ್ಲ ಅವನು ಬರೆದಿದ್ದು ಇದೊಂದೇ. ‘ಈಗ ಹೆಗಲು ಕೊಡಲಿಕ್ಕೆ ಊರಲ್ಲಿ ಯಾರಿದ್ದಾರೆ ದೊಡ್ಡಪ್ಪ? ಎಲ್ಲ ಈ ಗುಂಪಿನಲ್ಲೇ ಇದ್ದೀರಲ್ಲ, ಬೆಂಗಳೂರಿಂದ.’

ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕಾಪಾಡಿದ್ದು ಶಿವಮೊಗ್ಗದ ಚಿಕ್ಕಮ್ಮನ ಮಗ. ಎಲ್ಲಿ ಜಗಳ ಆದರೂ ಅವನ ಹತ್ತಿರ ಒಂದು ಹಳೇ ಫೋಟೋ ಇರುತ್ತದೆ. ಈ ಸಲ ಅಜ್ಜನ ಪೆಟ್ರೋಲ್ ಜೀಪು, ಸಿಗಂದೂರು ಲಾಂಚಿನ ಮೇಲೆ, ಬಾನೆಟ್ಟಿನ ಮೇಲೆ ಚಡ್ಡಿ ಹಾಕಿದ ನಾವು ಮೂರು ಜನ. ‘ಬ್ಯಾಟರಿ ಕೈಕೊಟ್ಟರೆ ಅಜ್ಜ ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದರು, ನೆನಪಿದೆಯಾ? ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡಿ, ಉಳಿದ ಬೆರಳುಗಳ ಕಡೆಗೇ ಇಡಿ, ಹ್ಯಾಂಡಲ್ ವಾಪಸ್ ಹೊಡೆದರೆ ಕೈ ಮುರಿಯುತ್ತೆ ಅಂತ ಬೈಯುತ್ತಿದ್ದರು.’ ಹೃದಯಗಳ ಸುರಿಮಳೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಯಿತಲ್ಲ, ಇನ್ನು ಲಾಂಚಿಗಾಗಿ ಅಂಬಾರಗೋಡ್ಲಿನಲ್ಲಿ ಸಾಲು ನಿಂತು ಕಡಲೆಕಾಯಿ ತಿನ್ನುವ ಭಾಗ್ಯ ಇಲ್ಲ ಅಂತ ಒಬ್ಬರು. ಹೊಳೆಯಾಚೆ ಹೆರಿಗೆ ನೋವು ಬಂದವರನ್ನು ಕೇಳಿ, ಲಾಂಚ್ ಎಂಥ ಭಾಗ್ಯ ಅಂತ ಹೇಳುತ್ತಾರೆ ಅಂತ ತುಮರಿಗೆ ಮದುವೆಯಾಗಿ ಹೋದ ಸಣ್ಣತ್ತೆ. ಸಣ್ಣತ್ತೆ ಬರೆದಿದ್ದು ಅವತ್ತಿನ ಒಂದು ಒಳ್ಳೆಯ ಮಾತು, ಅದಕ್ಕೆ ಯಾರೂ ಹೃದಯ ಹಾಕಲಿಲ್ಲ.

ಅಷ್ಟರಲ್ಲಿ ಯಾರೋ ಕೇಳಿಬಿಟ್ಟರು: ‘ಆ ಜೀಪು ಮಾರಿದ್ದು ಯಾರು?’

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳಬಾರದು. ಜೀಪು ಹೋಗಿದ್ದು ಭಾವನ ಪರಿಚಯದವರಿಗೆ, ದುಡ್ಡು ಬಂದಿದ್ದು ದೊಡ್ಡಪ್ಪನ ಕೈಗೆ, ಪಾಲು ಕೇಳಿದ್ದು ಚಿಕ್ಕಪ್ಪ. ಉಳಿದಿದ್ದನ್ನು ನಾನು ಬರೆಯುವುದಿಲ್ಲ, ಗುಂಪಿನಲ್ಲಿ ಬರೆದಿದ್ದೇ ಸಾಕು.

ಈ ಗಲಾಟೆಯ ನಡುವೆ ವಿಷಯದ ಬಗ್ಗೆ ಮಾತಾಡಿದವರು ಒಬ್ಬರೇ, ಮಿಲಿಟರಿ ಮಾವ. ‘ಚಿತ್ರ ಸರಿಯಾಗಿದೆ. ನಮ್ಮ ಗಾಡಿಗಳಲ್ಲಿ ಎರಡು ಬ್ಯಾಟರಿ ಹೀಗೇ ಇರುತ್ತಿತ್ತು.’ ಮಾವ ಹೇಳಿದ್ದು ಸುಳ್ಳಲ್ಲ, ಎಡವಟ್ಟು ಆಗಿದ್ದೇ ಅಲ್ಲಿ. ಮಿಲಿಟರಿ ಲಾರಿ, ನಮ್ಮ ಸರ್ಕಾರಿ ಬಸ್ಸು, ಹತ್ತು ಚಕ್ರದ ಲಾರಿ ಇವೆಲ್ಲ 24 ವೋಲ್ಟಿನ ಗಾಡಿಗಳು. ಅವುಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಯನ್ನು ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕೊಟ್ಟು ಸೀರೀಸ್ ಮಾಡಿರುತ್ತಾರೆ. ಸ್ಟಾರ್ಟರ್, ಬಲ್ಬು, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಲ್ಲ ಅದಕ್ಕೆ ತಕ್ಕಂತೆ 24ರವು. ತಮ್ಮನ ಜೀಪು 12. ವಿಂಚ್ 12. ಫಾರ್ವರ್ಡಿನ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರೆ ಕೆಂಪು ಗೆರೆ ಮೊದಲ ಬ್ಯಾಟರಿಯ ಪ್ಲಸ್ಸಿಂದ ಹೊರಟು ಎರಡನೆಯದರ ಮೈನಸ್ಸಿಗೆ ಹೋಗಿದೆ. ಸೀರೀಸ್.

ಹಾಗೆ ಜೋಡಿಸಿದರೆ ವಿಂಚ್ ಮೊದಲು ಜೋರಾಗಿಯೇ ತಿರುಗುತ್ತದೆ, ಒಂದು ವಿಡಿಯೋ ಮಾಡುವಷ್ಟು ಹೊತ್ತು. ಆಮೇಲೆ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಅದರ ಕಾಯಿಲ್ ಕಾಯುತ್ತದೆ, ಮೋಟರ್ ಕಾಯುತ್ತದೆ. ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡರಂತೂ ಬಟನ್ ಬಿಟ್ಟರೂ ವಿಂಚ್ ನಿಲ್ಲುವುದಿಲ್ಲ. ಹಗ್ಗದ ಇನ್ನೊಂದು ತುದಿ ಮರಕ್ಕೆ ಕಟ್ಟಿದೆ, ಈ ತುದಿಯಲ್ಲಿ ಜೀಪಿದೆ, ನಡುವೆ ಯಾರ ಕೈ ಇರುತ್ತದೆ ಅಂತ ಯೋಚನೆ ಮಾಡಿ. ಇನ್ನು ಆ ಎರಡನೇ ಬ್ಯಾಟರಿಯನ್ನು ಜೀಪಿನ ಆಲ್ಟರ್ನೇಟರ್ ಚಾರ್ಜೇ ಮಾಡುವುದಿಲ್ಲ. ಹೊಸ ಗಾಡಿಯಾಗಿ ತಪ್ಪಿ 24 ವೋಲ್ಟ್ ಒಳಗೆ ನುಗ್ಗಿದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇಸಿಯು ಕೂಡ ಹೋಗುತ್ತದೆ.

ನಾನು ಗುಂಪಿನಲ್ಲಿ ಚಿಕ್ಕದಾಗಿ ಬರೆದೆ: ‘ಚಿತ್ರದ ಜೋಡಣೆ ತಪ್ಪು. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೊಡಬೇಕು. ಇದರಲ್ಲಿ 24 ವೋಲ್ಟ್ ಆಗುತ್ತೆ. ಯಾರೂ ಮಾಡಬೇಡಿ.’

ಭಾವ: ‘ಅಂದರೆ ನಾನು ಸುಳ್ಳು ಹಬ್ಬಿಸುತ್ತೇನೆ ಅಂತಾನಾ?’

ಮಿಲಿಟರಿ ಮಾವ: ‘ಇಪ್ಪತ್ತು ವರ್ಷ ಸರ್ವೀಸ್ ಮಾಡಿದವನಿಗೆ ಹೇಳಿಕೊಡಬೇಡ.’

ಅಕ್ಕ: ‘ಇದಕ್ಕೆ ಮೂಲ?’

ಬ್ಯಾಟರಿಯ ಪಾಠಕ್ಕೆ ಎಲ್ಲಿಂದ ಮೂಲ ತರಲಿ? ಹೈಸ್ಕೂಲ್ ವಿಜ್ಞಾನದ ಪುಸ್ತಕದ ಹೆಸರು ಹಾಕೋಣ ಅನ್ನಿಸಿತು, ಹಾಕಲಿಲ್ಲ. ಅಷ್ಟೊತ್ತಿಗೆ ಅಕ್ಕ ಬೇರೆ ದಾರಿ ಹಿಡಿದಿದ್ದಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಗಾಡಿಯ ಮೂಲ ವಿನ್ಯಾಸ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು, ಅದಕ್ಕೂ ಮೊದಲು 2017ರ ಡಿಸೆಂಬರಿನಲ್ಲಿ ಬುಲ್ ಬಾರ್ ತೆಗೆಸಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿದ್ದು, ಒಂದರ ಮೇಲೊಂದು ಲಿಂಕ್. ಸರಿಯಾದ ಮಾಹಿತಿಯೇ. ವಿಂಚ್ ಕೂರಿಸಲು ಮುಂದೆ ಕಬ್ಬಿಣದ ಬಾರ್ ಹಾಕಿದವರು ಓದಬೇಕಾದ್ದೇ. ಆದರೆ ದೊಡ್ಡಪ್ಪನಿಗೆ ಇದು ಸಂಸ್ಕಾರದ ಎರಡನೇ ಭಾಗಕ್ಕೆ ಮುನ್ನುಡಿಯಾಯಿತು.

ನಾನು ಗುಂಪಿನ ಮಾತು ಅಲ್ಲಿಗೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದೆ. ನನ್ನ ಭಯ ಅವನದ್ದೇ. ಟ್ರ್ಯಾಕ್ಟರಿನ ಬ್ಯಾಟರಿ ಮನೆಯಲ್ಲೇ ಇದೆ, ಜಂಪರ್ ವೈರ್ ಇದೆ, ಮಳೆ ಬಂದು ಕೆಲಸವಿಲ್ಲದ ಮಧ್ಯಾಹ್ನ ಇದೆ. ಅವನು ನಕ್ಕ. ಪ್ಲಸ್ಸಿಗೆ ಪ್ಲಸ್ ಕೊಡಬೇಕು ಅಂತ ಅವನಿಗೆ ಗೊತ್ತೇ ಇತ್ತು. ‘ಆದರೆ ಟ್ರ್ಯಾಕ್ಟರ್ ಬ್ಯಾಟರಿ ಜೊತೆಗೆ ಹಾಕಿದರೆ ಎಳೆಯುವ ಬಲ ಡಬಲ್ ಆಗುತ್ತಲ್ವಾ?’ ಅಂದ.

ಆಗುವುದಿಲ್ಲ. ಹೀಗೆ ಪ್ಲಸ್ಸಿಗೆ ಪ್ಲಸ್ ಕೊಟ್ಟು ಪ್ಯಾರಲಲ್ ಮಾಡಿದರೆ ವೋಲ್ಟೇಜ್ 12ರಲ್ಲೇ ಇರುತ್ತದೆ, ದಾಸ್ತಾನು ಜಾಸ್ತಿಯಾಗುತ್ತದೆ ಅಷ್ಟೇ. ವಿಂಚ್ ಎಷ್ಟು ಎಳೆಯಬೇಕು ಅನ್ನುವುದು ಅದರ ಮೋಟರ್ ಮತ್ತು ಗೇರಿನಲ್ಲಿದೆ. ಅವನದು 9500 ಪೌಂಡಿನದು, ಕೆಜಿಯಲ್ಲಿ ಸುಮಾರು 4300. ಅದೂ ವಿಂಚಿನ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಇದ್ದಾಗ. ಮೇಲೆ ಮೇಲೆ ಸುತ್ತಿಕೊಂಡಂತೆ ಬಲ ಕಡಿಮೆಯಾಗುತ್ತದೆ, ಹಾಗಾಗಿ ಹತ್ತಿರದ ಮರ ಬಿಟ್ಟು ದೂರದ ಮರಕ್ಕೆ ಕಟ್ಟುವುದೇ ಲಾಭ. ನಿಜವಾಗಿ ಡಬಲ್ ಬೇಕು ಅಂದರೆ ಒಂದು ಸ್ನ್ಯಾಚ್ ಬ್ಲಾಕ್, ಅಂದರೆ ರಾಟೆ, ತಗೊಂಡು ಮರಕ್ಕೆ ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ ವಾಪಸ್ ಜೀಪಿಗೆ ಕಟ್ಟಬೇಕು. ಬಲ ಹೆಚ್ಚು ಕಡಿಮೆ ಎರಡು ಪಟ್ಟು, ವೇಗ ಅರ್ಧ. ಬ್ಯಾಟರಿ ಹೊರುವುದಕ್ಕಿಂತ ಅದು ಹಗುರ.

ಬಾನೆಟ್ ತೆಗೆದು ಫೋಟೋ ಕಳಿಸು ಅಂದೆ. ಕಳಿಸಿದ. ಬ್ಯಾಟರಿಯನ್ನು ಅಡಿಕೆ ಗೊನೆ ಇಳಿಸುವ ಹಗ್ಗದಲ್ಲಿ ಕಟ್ಟಿದ್ದಾನೆ. ಪ್ಲಸ್ ಟರ್ಮಿನಲ್ಲಿನ ಸುತ್ತ ಹಸಿರುಬಿಳಿ ಪುಡಿ, ಮೈಲುತುತ್ತ ಅಲ್ಲೇ ಕಲಸಿದ ಹಾಗೆ. ವಿಂಚಿಗೆ ಹೋಗುವ ಕೇಬಲ್ ಕಿರುಬೆರಳಿಗಿಂತ ಸಣ್ಣದು, ಅದರ ತುದಿಯ ಲೋಹದ ಲಗ್ಗನ್ನು ಪ್ರೆಸ್ ಮಾಡಿಲ್ಲ, ಸುತ್ತಿಗೆಯಲ್ಲಿ ಹೊಡೆದು ಚಪ್ಪಟೆ ಮಾಡಿದ್ದು. ಮೈನಸ್, ಅಂದರೆ ಅರ್ತ್, ಅಂತೂ ತುಕ್ಕು ಹಿಡಿದ ಚಾಸಿಯ ಒಂದು ಬೋಲ್ಟಿಗೆ. ಎಳೆದಾದ ಮೇಲೆ ಆ ಲಗ್ ಮುಟ್ಟಿ ನೋಡಿದ್ದೀಯಾ ಅಂತ ಕೇಳಿದೆ. ‘ಮುಟ್ಟಲಿಕ್ಕಾಗಲ್ಲ, ಸುಡುತ್ತೆ’ ಅಂದ.

ಎರಡನೇ ಬ್ಯಾಟರಿ ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಅಲ್ಲೇ ಉತ್ತರ ಇತ್ತು. ಆ ಅಳತೆಯ ವಿಂಚ್ ಪೂರ್ತಿ ಭಾರ ಬಿದ್ದಾಗ ಸುಮಾರು 400 ಆಂಪಿಯರ್ ಎಳೆಯುತ್ತದೆ. 300 ಅಂತಲೇ ಇಟ್ಟುಕೊಳ್ಳಿ. 25 ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪ) ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ ನಾಲ್ಕು ಮೀಟರ್ ಆದರೆ ಹತ್ತಿರ ಹತ್ತಿರ 0.9 ವೋಲ್ಟ್ ತಂತಿಯಲ್ಲೇ ಕರಗುತ್ತದೆ. 70 ಸ್ಕ್ವೇರ್ ಹಾಕಿದರೆ 0.3. ತುಕ್ಕು ಚಾಸಿ, ಸಡಿಲ ಲಗ್ ತಿನ್ನುವುದು ಬೇರೆ. ವಿಂಚಿಗೆ ವೋಲ್ಟೇಜ್ ಕಡಿಮೆ ಸಿಕ್ಕಷ್ಟೂ ನಿಧಾನ ತಿರುಗುತ್ತದೆ, ನಿಧಾನ ತಿರುಗಿದಷ್ಟೂ ಜಾಸ್ತಿ ಹೊತ್ತು ಎಳೆಯಬೇಕು, ಬಿಸಿಯಾಗುತ್ತದೆ. ಬ್ಯಾಟರಿ ಎರಡಿದ್ದರೂ ಈ ತಂತಿಯಲ್ಲಿ ಅದೇ ಕಥೆ.

ಬ್ಯಾಟರಿ ಖಾಲಿಯಾಗುವುದೂ ನಿಜವೇ. 300 ಆಂಪಿಯರ್ ಎರಡು ನಿಮಿಷ ಅಂದರೆ 10 ಆಂಪಿಯರ್ ಅವರ್ ಹೋಯಿತು. ಹಳೇ ಜೀಪಿನ ಆಲ್ಟರ್ನೇಟರ್ 50 ಕೊಟ್ಟರೂ ಅಷ್ಟು ಹೊತ್ತಿಗೆ ತುಂಬುವುದು ಎರಡಕ್ಕಿಂತ ಕಡಿಮೆ. ಬ್ಯಾಟರಿ ಮೇಲೆ 75 ಆಂಪಿಯರ್ ಅವರ್ ಅಂತ ಬರೆದಿರುವುದು 20 ಗಂಟೆ ನಿಧಾನವಾಗಿ ಹರಿಸಿದಾಗಿನ ಲೆಕ್ಕ, ಹೀಗೆ ಹೀರಿದರೆ ಅಷ್ಟು ಸಿಗುವುದಿಲ್ಲ. ಅದಕ್ಕೇ ಇಂಜಿನ್ ಆನ್ ಇಟ್ಟು, ಒಂದು ನಿಮಿಷದ ಒಳಗೆ ಎಳೆದು, ಬಿಟ್ಟು, ರೇಸ್ ಸ್ವಲ್ಪ ಏರಿಸಿ ಕಾಯಬೇಕು. ಧರೆಯ ಹತ್ತಿರ ಹೂತ ಜೀಪನ್ನು ಹತ್ತು ಅಡಿ ಮುಂದೆ ತರಲು ಇಷ್ಟು ಸಾಕು. ದಿನವಿಡೀ ಕಾಡಲ್ಲಿ ಎಳೆಯುವವರಿಗೆ, ಗಾಡಿಯಲ್ಲಿ ಫ್ರಿಜ್ ಇಟ್ಟು ಮಲಗುವವರಿಗೆ ಎರಡನೆಯದು ಬೇಕು. ಅವರು ನಡುವೆ ಐಸೊಲೇಟರ್ ಹಾಕಿಸುತ್ತಾರೆ, ಸುಮಾರು 13.3 ವೋಲ್ಟಿಗೆ ಎರಡನ್ನೂ ಸೇರಿಸಿ 12.8ಕ್ಕೆ ಇಳಿದಾಗ ಬೇರೆ ಮಾಡುವಂಥದ್ದು. ಅದರಲ್ಲೂ 140 ಆಂಪಿಯರಿನ ರಿಲೇ ಮೂಲಕ ವಿಂಚ್ ಓಡಿಸಲು ಹೋದರೆ ಅದೂ ಸುಡುತ್ತದೆ, ಹೆಚ್ಚು ಕರೆಂಟ್ ತಡೆಯುವ ದಪ್ಪ ಸ್ವಿಚ್ಚು, ಕಾಂಟ್ಯಾಕ್ಟರ್ ಬೇಕು. ಹಳೇ ಟ್ರ್ಯಾಕ್ಟರ್ ಬ್ಯಾಟರಿಯನ್ನು ಜೀಪಿನ ಹೊಸದಕ್ಕೆ ಕಾಯಂ ಕಟ್ಟಿದರೆ ಹಳೇದು ಹೊಸದನ್ನೂ ತಿಂದು ಮಲಗಿಸುತ್ತದೆ.

ಕೇಬಲ್ ಬದಲಾಯಿಸು, ಮೈನಸ್ ಕೂಡ ನೇರ ಬ್ಯಾಟರಿಯಿಂದಲೇ ತಗೋ, ಬ್ಯಾಟರಿ ಪಕ್ಕದಲ್ಲಿ ಕೈಗೆ ಸಿಗುವ ಹಾಗೆ ಒಂದು ಕಟ್‌ಆಫ್ ಸ್ವಿಚ್ ಹಾಕು, ಅಡಿಕೆ ಹಗ್ಗ ಬಿಚ್ಚಿ ಕ್ಲ್ಯಾಂಪ್ ಹಾಕು ಅಂದೆ. ‘ಇದನ್ನ ಗುಂಪಲ್ಲಿ ಹಾಕಬೇಡ ಮಾರಾಯ’ ಅಂದ.

ಸಂಜೆ ಅವನೇ ಹಾಕಿದ: ‘ಶಿವಮೊಗ್ಗದಿಂದ ಈ ವಾರ ಯಾರಾದರೂ ಬರುವವರಿದ್ದರೆ 70 ಸ್ಕ್ವೇರ್ ಕೇಬಲ್ ನಾಲ್ಕು ಮೀಟರ್, ಲಗ್ ನಾಲ್ಕು ತನ್ನಿ.’

ಭಾವ ತಕ್ಷಣ: ‘ನೋಡಿದ್ರಾ, ನನ್ನ ಫಾರ್ವರ್ಡಿನಿಂದ ಉಪಯೋಗ ಆಯ್ತು.’ ದೊಡ್ಡಪ್ಪ ಮೀಟರಿಗೆ ಎಷ್ಟು ರೇಟು ಅಂತ ಕೇಳಿದರು. ಅತ್ತೆ ಬರುವವರು ಹಾಗೇ ಎರಡು ಕೆಜಿ ಉದ್ದಿನಬೇಳೆ ತರಲಿ ಅಂದರು.

ಚಿಕ್ಕಮ್ಮನ ಮಗ ಒಪ್ಪಿಕೊಂಡ. ‘ಭಾನುವಾರ ತರುತ್ತೇನೆ. ಆದರೆ ನೀನು ಹಳ್ಳದ ಈಚೆಗೇ ಬಂದು ತಗೊಂಡು ಹೋಗು. ನನ್ನ ಕಾರು ಆ ದಾರಿಯಲ್ಲಿ ಬರಲ್ಲ.’