ತಾಯಿಗೆ ಕ್ಯಾನ್ಸರ್: ಮಕ್ಕಳಿಗೆ ಹೇಳಬೇಕಾ, ಹೇಗೆ?

ಕಾನುಮನೆ, ತೀರ್ಥಹಳ್ಳಿ:
ಪಕ್ಕದ ಮನೆಯ ತಾಯಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 21 ದಿನಕ್ಕೊಮ್ಮೆ ಕೀಮೋ. ಅಪ್ಪನೂ ಜೊತೆಗೆ ಹೋಗುವುದರಿಂದ ಆ ದಿನಗಳಲ್ಲಿ ಮನೆಯಲ್ಲಿ ಅಜ್ಜಿ, ಸೆಕೆಂಡ್ ಪಿಯುಸಿ ಮಗಳು, ಏಳನೇ ಕ್ಲಾಸ್ ಮಗ ಮಾತ್ರ. ಮಕ್ಕಳಿಗೆ 'ಗಡ್ಡೆ' ಎಂದಷ್ಟೇ ಹೇಳಿದ್ದಾರೆ. ಹುಡುಗಿ ಅಡುಗೆ, ಕೊಟ್ಟಿಗೆ ಎಲ್ಲ ಮಾಡುತ್ತಾಳೆ, ಅಳುವುದೇ ಇಲ್ಲ. ಹುಡುಗ ಬೆಳಗಾದರೆ ಹೊಟ್ಟೆನೋವು ಅಂತ ಶಾಲೆ ಬಿಡುತ್ತಾನೆ. ಏನು ಮಾಡಬಹುದು?

ತುಂಗಾತೀರ:
ಹೇಳಲೇಬೇಕು. ಅಪ್ಪ ಅಮ್ಮನೇ ಹೇಳಲಿ, 'ಕ್ಯಾನ್ಸರ್' ಅನ್ನುವ ಪದ ಬಳಸಿಯೇ. ಸಾಮಾನ್ಯವಾಗಿ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ. ಅಷ್ಟರೊಳಗೆ ಹೇಳದಿದ್ದರೆ ಬಸ್ಸಿನಲ್ಲಿ ಯಾರೋ ಹೇಳುತ್ತಾರೆ, ಆಮೇಲೆ ಮನೆಯವರ ಮಾತನ್ನು ಮಕ್ಕಳು ನಂಬುವುದಿಲ್ಲ.

ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ, ಅಂಟುವುದಿಲ್ಲ, ನಾವಿಲ್ಲದಾಗ ನಿಮ್ಮನ್ನು ಇಂಥವರು ನೋಡಿಕೊಳ್ಳುತ್ತಾರೆ: ಇಷ್ಟು ಮೊದಲ ದಿನಕ್ಕೆ ಸಾಕು. ಅಜ್ಜಿ ಸೊಸೆಗೆ ಬೇರೆ ತಟ್ಟೆ ಇಟ್ಟಿದ್ದರೆ ತೆಗೆಸಿ; ಮಕ್ಕಳು ಮಾತಿಗಿಂತ ತಟ್ಟೆಯನ್ನು ನಂಬುತ್ತಾರೆ. ಆದರೆ ಕೀಮೋ ಆದ 7ರಿಂದ 14ನೇ ದಿನದ ನಡುವೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಹುಡುಗನಿಗೆ ನೆಗಡಿಯಿದ್ದರೆ ದೂರ ಇರಬೇಕಾಗುತ್ತದೆ. ಕಾರಣ ಮೊದಲೇ ಹೇಳಿಡಿ, ಇಲ್ಲದಿದ್ದರೆ ತನ್ನಿಂದಲೇ ಅಮ್ಮನಿಗೆ ಕಾಯಿಲೆ ಅಂದುಕೊಳ್ಳುತ್ತಾನೆ.

'ಅಮ್ಮ ಸಾಯ್ತಾಳಾ?' ಅಂತ ಕೇಳಿದರೆ 'ಏನೂ ಆಗಲ್ಲ' ಅಂತ ಮಾತು ಕೊಡಬೇಡಿ. 'ಹಾಗಾಗಬಾರದು ಅಂತಲೇ ಔಷಧಿ ಕೊಡ್ತಿದ್ದಾರೆ. ಏನಾದರೂ ಬದಲಾದರೆ ನಿನಗೆ ಹೇಳ್ತೀವಿ' ಅನ್ನಿ. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ.

ಹುಡುಗನ ಹೊಟ್ಟೆನೋವು ನಾಟಕವಲ್ಲ, ಹೆದರಿಕೆಗೂ ಹೊಟ್ಟೆ ಹಿಡಿಯುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ, ಬೇರೇನೂ ಇಲ್ಲವೆಂದರೆ ಅರ್ಧ ದಿನವಾದರೂ ಶಾಲೆಗೆ ಕಳಿಸಿ. ತಾನಿಲ್ಲದಾಗ ಮನೆಯಲ್ಲಿ ಏನಾದರೂ ಆದೀತು ಅನ್ನುವುದೇ ಅವನ ಭಯ ಆಗಿರಬಹುದು. ಮೇಷ್ಟ್ರ ಫೋನಿಂದ ಮಧ್ಯಾಹ್ನ ಒಂದು ಕರೆ ಗೊತ್ತು ಮಾಡಿ. ಬೆಂಗಳೂರಿಗೆ ಹೋದಾಗ ರಾತ್ರಿ ಇಂಥ ಹೊತ್ತಿಗೆ ಅಂತ ನಿಗದಿ ಇರಲಿ. ನಮ್ಮ ಕಡೆ ಮಳೆಗೆ ಕರೆಂಟು ಹೋದರೆ ಟವರೂ ಹೋಗುತ್ತದಲ್ಲ, 'ಫೋನ್ ಬರದಿದ್ದರೆ ನೆಟ್‌ವರ್ಕ್ ಇಲ್ಲ ಅಂತ ತಿಳ್ಕೋ, ಬೆಳಿಗ್ಗೆ ಮಾಡ್ತೀವಿ' ಎಂದು ಹೊರಡುವ ಮುಂಚೆಯೇ ಹೇಳಿರಬೇಕು. ಇಲ್ಲದಿದ್ದರೆ ಆ ರಾತ್ರಿ ಅವನಿಗೆ ನಿದ್ದೆಯಿಲ್ಲ.

ಗುಡ್ಡೇಕೇರಿ ಟೀಚರ್:
ನನಗೆ ಹೆಚ್ಚು ಚಿಂತೆ ಹುಡುಗಿಯದ್ದು. ಇಂಥ ಮಕ್ಕಳನ್ನು ಎಲ್ಲರೂ ಹೊಗಳುತ್ತಾರೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲಸ ಪೂರ್ತಿ ಕಸಿದುಕೊಳ್ಳಬೇಡಿ, ಕೈಕಟ್ಟಿ ಕೂತರೆ ಇನ್ನೂ ಕಷ್ಟ. ಎರಡು ಕೆಲಸ ಅವಳಿಗೆ, ಉಳಿದದ್ದು ಬೇರೆಯವರಿಗೆ. ಅಡಿಕೆ ಕೊಯ್ಲಿಗೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ಕೂಡುವ ಊರಿನಲ್ಲಿ ಕೊಟ್ಟಿಗೆಗೆ ಬೆಳಿಗ್ಗೆ ಒಬ್ಬರು ಸಿಗುವುದಿಲ್ಲವೇ? ಅಮ್ಮನ ಜ್ವರ ನೋಡುವ ಜವಾಬ್ದಾರಿ ದೊಡ್ಡವರದ್ದೇ ಆಗಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಆಗ ಯಾರಿಗೆ ಫೋನ್, ಯಾರ ಗಾಡಿ ಎಂಬ ಚೀಟಿ ಗೋಡೆ ಮೇಲಿರಲಿ.

ನೋಡಲು ಬಂದ ನೆಂಟರು 'ಇನ್ನು ನೀನೇ ಈ ಮನೆಗೆ ತಾಯಿ' ಅನ್ನದಂತೆ ದಯವಿಟ್ಟು ತಡೆಯಿರಿ. ತಾಯಿ ಬದುಕಿದ್ದಾಳೆ. ವಾರಕ್ಕೊಂದು ಸಂಜೆ ಹುಡುಗಿ ಗೆಳತಿಯ ಮನೆಗೆ ಹೋಗಿ ನಕ್ಕು ಬರಲಿ, ಅದು ತಪ್ಪಲ್ಲ ಅಂತ ಅಮ್ಮನ ಬಾಯಿಂದಲೇ ಬರಬೇಕು.

ಕಾಲೇಜಿನಲ್ಲಿ 75 ಶೇಕಡಾ ಹಾಜರಾತಿ ಬೇಕು. ಕೊರತೆ ಬೀಳುವ ಮುಂಚೆಯೇ ಚಿಕಿತ್ಸೆಯ ದಾಖಲೆ ಜೊತೆ ಪ್ರಾಂಶುಪಾಲರಿಗೆ ಪತ್ರ ಕೊಡಿ.

ಸಹ್ಯಾದ್ರಿ ಆಪ್ತಸಮಾಲೋಚಕ:
ಮಕ್ಕಳ ನಿದ್ದೆ, ಊಟ, ಓದು ಎರಡು ವಾರವಾದರೂ ಸರಿಹೋಗದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗಿಯೇ ಮಾಡಿದರೂ ಆಗುತ್ತದೆ. ನೇರವಾಗಿ ತೋರಿಸಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ.

'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ತೋರಿಸಿ, ಒಂಟಿಯಾಗಿ ಬಿಡಬೇಡಿ. 'ಸಾಯುವ ಯೋಚನೆ ಬರ್ತದಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇನ್ನೊಂದು ಮಾತು, ತೋಟದ ಮನೆ ಆದ್ದರಿಂದ ಹೇಳುತ್ತಿದ್ದೇನೆ: ಕಳೆನಾಶಕ, ಮೈಲುತುತ್ತ, ಅಮ್ಮನ ಮಾತ್ರೆ ಎಲ್ಲವೂ ಇವತ್ತಿನಿಂದಲೇ ಬೀಗದೊಳಗಿರಲಿ, ಕೀಲಿ ಅಪ್ಪನ ಹತ್ತಿರ, ಅವರಿಲ್ಲದಾಗ ನಿಮ್ಮ ಹತ್ತಿರ.