ತುರ್ತಾಗಿ ಪದ ಬೇಕು: ‘ಅಂಡರ್‌ರೆಪ್ರೆಸೆಂಟೇಷನ್’

ವ., ತುಮಕೂರು (ಮಂಗಳವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ ನನ್ನ ಪ್ರಶ್ನಾವಳಿ ಪ್ರೆಸ್ಸಿಗೆ ಹೋಗಬೇಕು. ಅಭಿವೃದ್ಧಿಶೀಲ ದೇಶಗಳ ಶಾಲೆಗಳಲ್ಲಿ ಮುಖ್ಯಸ್ಥರ ಕುರ್ಚಿಗೆ ಹೆಂಗಸರು ಯಾಕೆ ಅಷ್ಟಾಗಿ ಬರುವುದಿಲ್ಲ ಎನ್ನುವುದು ಸಂಶೋಧನೆಯ ವಿಷಯ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕೇಳಬೇಕಾದ್ದು ತುಮಕೂರು, ಮಧುಗಿರಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಟೀಚರುಗಳನ್ನು, ಕನ್ನಡದಲ್ಲಿ. ಮುಖಪುಟಕ್ಕೆ ಸದ್ಯ ಹೀಗೆ ಬರೆದಿಟ್ಟಿದ್ದೇನೆ: ‘ಶಾಲಾ ನಾಯಕತ್ವದಲ್ಲಿ ಮಹಿಳೆಯರ ಊನಪ್ರಾತಿನಿಧ್ಯ’. ಓದಿದ ನಮ್ಮಕ್ಕ ‘ಯಾರಿಗೆ ಏನು ಊನ ಆಗಿದೆಯೇ?’ ಅಂತ ನಕ್ಕಳು. ಅಲ್ಪ ಪ್ರಾತಿನಿಧ್ಯ, ನ್ಯೂನ ಪ್ರಾತಿನಿಧ್ಯ, ಕಡಿಮೆ ಪ್ರಾತಿನಿಧ್ಯ, ಇವುಗಳಲ್ಲಿ ಯಾವುದು ಸರಿ?

ಇನ್ನೆರಡು ಸಣ್ಣ ತೊಡಕು. ಹೆಂಗಸರು ಮೇಲಿನ ಹುದ್ದೆಗೆ ಏರದಂತೆ ತಡೆಯುವ, ಕಣ್ಣಿಗೆ ಕಾಣದ ಅಡ್ಡಿಗೆ ಇಂಗ್ಲಿಷಿನಲ್ಲಿ ‘ಗ್ಲಾಸ್ ಸೀಲಿಂಗ್’ ಅನ್ನುತ್ತಾರೆ. ಅದನ್ನು ‘ಗಾಜಿನ ಚಾವಣಿ’ ಎಂದಿದ್ದೇನೆ, ನಡೆಯುತ್ತದೆಯೇ? ಯುನೆಸ್ಕೊದ 2025ರ ಲಿಂಗ ಸಮಾನತೆಯ ವರದಿಯ ಪ್ರಕಾರ, ಶಿಕ್ಷಕರಲ್ಲಿ ಮಹಿಳೆಯರ ಪ್ರಮಾಣ ಎಷ್ಟಿದೆಯೋ ಶಾಲಾ ಮುಖ್ಯಸ್ಥರಲ್ಲಿ ಅದಕ್ಕಿಂತ ಕನಿಷ್ಠ 20 ಪರ್ಸೆಂಟೇಜ್ ಪಾಯಿಂಟ್ ಕಡಿಮೆ. ಇದನ್ನು ‘ಶೇ. 20ರಷ್ಟು ಕಡಿಮೆ’ ಎಂದು ಬರೆದರೆ ಸಾಕಲ್ಲವೇ?

ಕೆ., ಮಾಲೂರು

‘ಊನಪ್ರಾತಿನಿಧ್ಯ’ ವ್ಯಾಕರಣಶುದ್ಧ. ನಗುವವರು ನಗಲಿ.

ಅದಿರಲಿ, ಪ್ರಶ್ನಾವಳಿಯಲ್ಲಿ ‘ಮುಖ್ಯೋಪಾಧ್ಯಾಯಿನಿ’ ಎಂದು ಬರೆದಿದ್ದರೆ ಮೊದಲು ಅದನ್ನು ತೆಗೆಯಿರಿ. ಸಂಸ್ಕೃತದ ಅಮರಕೋಶ ಬರೆದ ಅಮರಸಿಂಹ ಸ್ಪಷ್ಟವಾಗಿ ಹೇಳಿದ್ದಾನೆ: ‘ಉಪಾಧ್ಯಾಯಾಪ್ಯುಪಾಧ್ಯಾಯೀ ಸ್ಯಾದಾಚಾರ್ಯಾಪಿ ಚ ಸ್ವತಃ’. ‘ಸ್ವತಃ’ ಎಂಬುದನ್ನು ಗಮನಿಸಿ. ತಾನೇ ಕೂತು ಪಾಠ ಹೇಳುವವಳು ಉಪಾಧ್ಯಾಯಾ, ಇಲ್ಲವೇ ಉಪಾಧ್ಯಾಯೀ, ಹಾಗೆಯೇ ಆಚಾರ್ಯಾ. ಗಂಡನ ದೆಸೆಯಿಂದ ಹೆಸರು ಬಂದವಳು ಆಚಾರ್ಯಾನೀ, ಉಪಾಧ್ಯಾಯಾನೀ. ಪಾಠ ಹೇಳುವ ಹೆಂಗಸಿಗೂ ಪಾಠ ಹೇಳುವವನ ಹೆಂಡತಿಗೂ ಬೇರೆ ಬೇರೆ ಪದ ಇಟ್ಟಿದ್ದ ಭಾಷೆ ಅದು. ಈ ‘ಉಪಾಧ್ಯಾಯಿನಿ’ ಎರಡರಲ್ಲೂ ಸೇರದ ಪ್ರಾಣಿ. ನಲವತ್ತು ವರ್ಷ ಇದನ್ನು ಬೋರ್ಡುಗಳ ಮೇಲೆ ಓದಿ ಕಣ್ಣು ನೊಂದಿದೆ.

ಸಂ., ಕೋಲಾರ

ಮತ್ತೆ ಸಕ್ಕದದ ಹೊರೆ. ಊನ, ನ್ಯೂನ, ಅಲ್ಪ, ಪ್ರಾತಿನಿದ್ಯ. ಹಳ್ಳಿಯ ಟೀಚರಿಗೆ ಕೇಳುವ ಮಾತೇ ಇದು? ‘ಕಲಿಮನೆಯ ಮುಂದಾಳ್ತನದಲ್ಲಿ ಹೆಣ್ಣಿನ ಕಿರುಪಾಲು’. ಮುಗೀತು.

ಕೆ., ಮಾಲೂರು

ಕಲಿಮನೆಯಂತೆ. ಮಹಾಪ್ರಾಣ ಬಿಟ್ಟವರ ಹತ್ತಿರ ನಾನು ಮಾತಾಡುವುದಿಲ್ಲ.

ಸಂ., ಕೋಲಾರ

ಮಾತಾಡಿಬಿಟ್ಟಿರಲ್ಲ.

ಜಿ., ಚಿಕ್ಕಬಳ್ಳಾಪುರ

ಪತ್ರಿಕೆಯ ಡೆಸ್ಕಿನಲ್ಲಿ ಕೂತವನಾಗಿ ಲೆಕ್ಕದ ವಿಷಯ ಹೇಳುತ್ತೇನೆ. ವ. ಅವರೇ, ‘ಶೇ. 20ರಷ್ಟು ಕಡಿಮೆ’ ಖಂಡಿತ ಬೇಡ. ಟೀಚರುಗಳಲ್ಲಿ ನೂರಕ್ಕೆ 60 ಹೆಂಗಸರಿದ್ದಾರೆ ಅಂತಿಟ್ಟುಕೊಳ್ಳಿ. ಶೇ. 20ರಷ್ಟು ಕಡಿಮೆ ಅಂದರೆ ಹೆಡ್‌ಮೇಷ್ಟ್ರುಗಳಲ್ಲಿ ನೂರಕ್ಕೆ 48. ಆದರೆ 20 ಪಾಯಿಂಟ್ ಕಡಿಮೆ ಅಂದರೆ 40. ಅರವತ್ತರಿಂದ ನಲವತ್ತಕ್ಕೆ ಇಳಿಯುವುದು ಅಂದರೆ ಮೂರರಲ್ಲಿ ಒಂದು ಪಾಲು ಹೋದಂತೆ. ನಮ್ಮ ಪತ್ರಿಕೆಗಳು ದಿನಾ ಇದನ್ನು ಕಲಸುತ್ತವೆ, ನಾನೂ ಕಲಸಿದ್ದೇನೆ. ‘20 ಶೇಕಡಾ ಅಂಶ’ ಎಂದು ಕೆಲವರು ಬರೆಯುತ್ತಾರೆ, ಯಾರಿಗೂ ಅರ್ಥ ಆಗುವುದಿಲ್ಲ. ‘ನೂರಕ್ಕೆ 20 ಮಂದಿ ಕಡಿಮೆ’ ಎಂದು ಬರೆಯಿರಿ. ತರಕಾರಿ ಮಾರುವವರಿಗೂ ತಿಳಿಯುತ್ತದೆ.

ಗಾಜಿನ ಚಾವಣಿ ಬಗ್ಗೆ. ನಮ್ಮ ಕಡೆ ಹೆಂಚಿನ ಮನೆಗೆ ನಡುವೆ ಒಂದೆರಡು ಗಾಜಿನ ಹೆಂಚು ಹಾಕುತ್ತಾರೆ, ಅಡುಗೆಮನೆಗೆ ಬೆಳಕು ಬರಲಿ ಅಂತ. ಸೂರಿನಲ್ಲಿ ಗಾಜು ಅಂದರೆ ನಮ್ಮ ಹೆಂಗಸರಿಗೆ ನೆನಪಾಗುವುದು ಬೆಳಕು, ತಡೆ ಅಲ್ಲ. ಉತ್ತರವೆಲ್ಲ ಉಲ್ಟಾ ಬರುತ್ತದೆ, ನೋಡಿಕೊಳ್ಳಿ.

ಇನ್ನು ಮುಖ್ಯ ಮಾತು. ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಬಂದ ತಾಯಂದಿರು ಬೇರೆ ಪೋಷಕರ ಪರವಾಗಿ ಕೂತಿರುತ್ತಾರೆ. ಶಾಲಾ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅಲ್ಲಿ ‘ಪ್ರಾತಿನಿಧ್ಯ’ ಸರಿ. ಹೆಡ್‌ಮೇಷ್ಟ್ರು ಯಾರ ಪ್ರತಿನಿಧಿ? ಯಾರೂ ಆರಿಸಿ ಕಳಿಸಿದವರಲ್ಲ. ಅದು ನೌಕರಿ. ಇಂಗ್ಲಿಷಿನ ಆ ಪದ ಸಂಖ್ಯಾಶಾಸ್ತ್ರದ ಅರ್ಥದಲ್ಲಿ ಬಂದಿದೆ, ನಾವು ಅದಕ್ಕೆ ಪಂಚಾಯಿತಿ ಅಂಗಿ ತೊಡಿಸಿದ್ದೇವೆ.

ಕೆ., ಮಾಲೂರು

ಜಿ. ಅವರ ಮಾತು ಅರ್ಧ ಸರಿ. ‘ಪ್ರತಿನಿಧಿ’ಗೆ ಮೊದಲ ಅರ್ಥ ಚುನಾವಣೆಯದ್ದಲ್ಲ. ಯಜ್ಞಕ್ಕೆ ವಿಧಿಸಿದ ದ್ರವ್ಯ ಸಿಗದಿದ್ದರೆ ಅದರ ಜಾಗದಲ್ಲಿ ಇಡುವ ಬೇರೆ ದ್ರವ್ಯವೇ ಪ್ರತಿನಿಧಿ. ಸೋಮಯಾಗಕ್ಕೆ ಬೇಕಾದ ಸೋಮಲತೆ ಸಿಗದಿದ್ದರೆ ಪೂತೀಕ ಎಂಬ ಬೇರೆ ಗಿಡ. ಪೂತೀಕದಿಂದ ಕೆಲಸ ಪೂರ್ತಿ ಆಗುತ್ತದೆ, ಆದರೆ ಹೆಸರು ಮಾತ್ರ ಸೋಮಯಾಗವೇ. ಮೀಮಾಂಸಕರು ಇದರ ಮೇಲೆ ಬೇಕಾದಷ್ಟು ಚರ್ಚಿಸಿದ್ದಾರೆ.

ಸಂ. ಅವರ ಹಾದಿಯಲ್ಲಿ ಹೊರಟವರು ನಾಳೆ ‘ಕಿರುಪ್ರಾತಿನಿಧ್ಯ’ ಎಂದು ಕಟ್ಟುತ್ತಾರೆ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ, ಎಂದು ಈಗಲೇ ಹೇಳಿಬಿಡುತ್ತೇನೆ. ಶಬ್ದಮಣಿದರ್ಪಣದ ವ್ಯಾಕರಣಕಾರ ಕೇಶಿರಾಜ ಒಪ್ಪಲಾರ.

ಸಂ., ಕೋಲಾರ

ನಾನು ಹೇಳಿದ್ದು ‘ಕಿರುಪಾಲು’. ಕನ್ನಡಕ ಒರೆಸಿಕೊಳ್ಳಿ. ಹಿಂದಿನ ಕವಿಗಳು ಬಳಸಿಬಿಟ್ಟಿದ್ದ ಅರಿಸಮಾಸಗಳನ್ನು ಕೇಶಿರಾಜನೇ ಒಪ್ಪಿಕೊಂಡಿದ್ದಾನೆ, ಅದನ್ನು ಯಾಕೆ ನುಂಗುತ್ತೀರಿ? ಹೆಡ್‌ಮೇಷ್ಟ್ರು ಅಂತ ನಾಡೆಲ್ಲ ಅನ್ನುತ್ತದೆ. ಯಾವ ಸೂತ್ರ ಕೇಳಿ ಅಂದರು?

ಮಂ., ಪಾವಗಡ (ಮಂಗಳವಾರ ರಾತ್ರಿ)

ವ. ಮೇಡಂ, ನಿಮ್ಮ ಪ್ರಶ್ನಾವಳಿಯ ಕರಡು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಗ್ರೂಪಿನಲ್ಲಿ ಬಂದಿತ್ತು, ನೋಡಿದೆ. ನಾನು ಕಿರಿಯ ಪ್ರಾಥಮಿಕ ಶಾಲೆ ಟೀಚರ್. ಎರಡನೇ ಪ್ರಶ್ನೆ: ‘ನಿಮ್ಮ ಶಾಲೆಯ ಮುಖ್ಯ ಶಿಕ್ಷಕರು: ಪುರುಷ / ಮಹಿಳೆ’. ಎಲ್ಲಿ ಟಿಕ್ ಹಾಕಲಿ? ನಮ್ಮ ಶಾಲೆಯಲ್ಲಿ ಆ ಹುದ್ದೆಯೇ ಇಲ್ಲ. ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಹೆಡ್ಡು. ನಮ್ಮಲ್ಲಿರುವುದು 31 ಮಕ್ಕಳು, ಇಬ್ಬರು ಟೀಚರ್ರು. ಸೀನಿಯರ್ ಅಂತ ನಾನು ಏಳು ವರ್ಷದಿಂದ ಇನ್‌ಚಾರ್ಜ್. ಬಿಸಿಯೂಟದ ಅಕ್ಕಿ ಲೆಕ್ಕ, ಹಾಲಿನ ಪುಡಿ, ಎಸ್‌ಡಿಎಂಸಿ ನಡಾವಳಿ, ಆನ್‌ಲೈನ್ ಎಂಟ್ರಿ, ಟಿಸಿ, ಬೀಗದ ಕೈ, ಎಲ್ಲ ನಂದೇ. ಹುದ್ದೆ ನಂದಲ್ಲ. ನಾನು ‘ಮಹಿಳೆ’ಗೆ ಟಿಕ್ ಹಾಕಿದರೆ ನಿಮ್ಮ ಲೆಕ್ಕದಲ್ಲಿ ಹೆಂಗಸು ಹೆಡ್ಡು ಒಬ್ಬಳು ಜಾಸ್ತಿ. ಹಾಕದಿದ್ದರೆ ಆ ಶಾಲೆಯನ್ನು ದೆವ್ವ ನಡೆಸುತ್ತಿದೆ ಅಂತ ಆಗುತ್ತೆ.

ಮಾಲೂರಿನ ಸಾರ್ ಸೋಮಲತೆ ಅಂದರಲ್ಲ, ಅದನ್ನು ಎರಡು ಸಲ ಓದಿದೆ. ಹಾಗಾದರೆ ಪ್ರತಿನಿಧಿ ನಾನೇ. ‘ಪ್ರಾತಿನಿಧ್ಯ ಕಡಿಮೆ’ ಅನ್ನಬೇಡಿ ಮೇಡಂ, ಆ ಅರ್ಥದಲ್ಲಿ ನಮ್ಮ ಕಡೆ ಹೆಂಗಸರದ್ದು ಬೇಕಾದಷ್ಟಿದೆ.

ಇನ್ನೊಂದು. ಬಡ್ತಿ ಪಟ್ಟಿಯಲ್ಲಿ ಒಂದು ಸಲ ನನ್ನ ಹೆಸರೂ ಬಂದಿತ್ತು. ಕೌನ್ಸೆಲಿಂಗಿನಲ್ಲಿ ಉಳಿದಿದ್ದ ಜಾಗ ನೋಡಿದೆ, ಎರಡು ಬಸ್ಸು ಬದಲಾಯಿಸಬೇಕು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ‘ಬಡ್ತಿ ಬೇಡ’ ಅಂತ ಬರೆದುಕೊಟ್ಟು ಬಂದೆ. ನಿಮ್ಮ ಹನ್ನೊಂದನೇ ಪ್ರಶ್ನೆ ‘ನಿಮಗೆ ನಾಯಕತ್ವದ ಆಕಾಂಕ್ಷೆ ಇದೆಯೇ?’ ಅಂತಿದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಅದನ್ನು ಓದಿ ‘ಸಂಘದ ಎಲೆಕ್ಷನ್ನಾ?’ ಅಂದರು. ‘ಬಡ್ತಿ ಬಂದರೆ ಹೋಗ್ತೀರಾ? ಇಲ್ಲ ಅಂದರೆ ಯಾಕೆ?’ ಅಂತ ಕೇಳಿ, ಪುಟಗಟ್ಟಲೆ ಉತ್ತರ ಬರುತ್ತೆ.

ಶಾ., ಬಾಗೇಪಲ್ಲಿ

ಮಂ. ಅಕ್ಕನ ಮಾತಿಗೆ ಒಂದು ಸೇರಿಕೆ. ನಮ್ಮ ಗಡಿ ಊರುಗಳಲ್ಲಿ ಟೀಚರನ್ನು ‘ಪಂತುಲಮ್ಮ’ ಅನ್ನುತ್ತಾರೆ, ತೆಲುಗಿನ ಪ್ರಭಾವ. ಅವಳೇ ಪಾಠ ಮಾಡುವವಳು ಅಂತಲೇ ಅರ್ಥ, ಅನುಮಾನವಿಲ್ಲ. ಕನ್ನಡದ ‘ಮೇಷ್ಟ್ರಮ್ಮ’ ಹಾಗಲ್ಲ, ಕೇಳಿದವರು ಮೇಷ್ಟ್ರ ಹೆಂಡತಿ ಅಂದುಕೊಳ್ಳುತ್ತಾರೆ. ಅದಕ್ಕೇ ಹೆಂಗಸು ಹೆಡ್ಡಾದರೂ ಊರವರು ‘ಹೆಡ್‌ಮೇಷ್ಟ್ರು ಬಂದ್ರು’ ಅಂತಲೇ ಅನ್ನುವುದು. ‘ಬಂದ್ರು’ ಅಂದಮೇಲೆ ಗಂಡೂ ಸೈ, ಹೆಣ್ಣೂ ಸೈ. ಇಂಥ ಅನುಕೂಲ ಭಾಷೆಯಲ್ಲೇ ಇರುವಾಗ ಇನಿ, ಆನಿ, ಈ ಅಂತ ಯಾಕೆ ಬಾಲ ಕಟ್ಟಬೇಕು? 2007ರಲ್ಲಿ ಪ್ರತಿಭಾ ಪಾಟೀಲರು ಬಂದಾಗಲೂ ‘ರಾಷ್ಟ್ರಪತಿ’ ಎಂಬ ಪದಕ್ಕೆ ಇದೇ ಜಗಳ ನಡೆಯಿತು, ಕೊನೆಗೆ ಪದ ಹಾಗೇ ಉಳಿಯಿತು.

ಮೇಷ್ಟ್ರು ಇಂಗ್ಲಿಷಿನ ಮಾಸ್ಟರಿನಿಂದ ಬಂತು, ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ. ಲ್ಯಾಟಿನ್ನಿನಲ್ಲಿ ಎರಡಕ್ಕೂ ಬೇರು ಒಂದೇ. ಗಾರೆ ಕೆಲಸದ ಮೇಸ್ತ್ರಿಯೂ ಶಾಲೆಯ ಮೇಷ್ಟ್ರೂ ದಾಯಾದಿಗಳು. ಗಾರೆ ಹೊರುವವರಲ್ಲಿ ಹೆಂಗಸರೆಷ್ಟು ಜನ, ಮೇಸ್ತ್ರಿಗಳಲ್ಲಿ ಎಷ್ಟು ಜನ, ಅದನ್ನೂ ಯಾರಾದರೂ ಎಣಿಸಬೇಕು.

ಸಂ., ಕೋಲಾರ

ಲ್ಯಾಟಿನ್, ಪೋರ್ಚುಗೀಸ್, ತೆಲುಗು ಎಲ್ಲ ಆಯಿತು. ಇದೇ ನಾನು ಹೇಳುವುದು, ಹೊರಗಿನದ್ದು ಯಾವುದಾದರೂ ಆದೀತು, ಕನ್ನಡದ್ದು ಮಾತ್ರ ನಗೆಪಾಟಲು. ‘ಪಾಲು’ ಅನ್ನುವ ಪದಕ್ಕೆ ಏನಾಗಿದೆ ಯಾರಾದರೂ ಹೇಳಿ.

ಜಿ., ಚಿಕ್ಕಬಳ್ಳಾಪುರ

ಏನೂ ಆಗಿಲ್ಲ. ಪಾಲು ಒಳ್ಳೆಯ ಪದ. ನಿಮ್ಮ ‘ಮುಂದಾಳ್ತನ’, ‘ಕಲಿಮನೆ’ಗಳ ಸಹವಾಸದಲ್ಲಿ ಅದಕ್ಕೂ ಕೆಟ್ಟ ಹೆಸರು ಬಂದಿದೆ, ಅಷ್ಟೇ.

ಕೆ., ಮಾಲೂರು

ಪಾಲು ಎಂದರೆ ಆಸ್ತಿ ಪಾಲು ನೆನಪಾಗುತ್ತದೆ. ಒಪ್ಪಲಾರೆ.

ಮಂ., ಪಾವಗಡ

ಅದೂ ನಮಗೆ ಬಂದಿಲ್ಲ ಸಾರ್.

ವ., ತುಮಕೂರು (ಬುಧವಾರ ಸಂಜೆ)

ಎಲ್ಲರಿಗೂ ಕೃತಜ್ಞತೆ. ನಿನ್ನೆ ರಾತ್ರಿ ಕೂತು ಮೂರು ಪ್ರಶ್ನೆ ಹೊಸದಾಗಿ ಬರೆದೆ. ವಿಶ್ವವಿದ್ಯಾಲಯಕ್ಕೆ ಕೊಡುವ ಪ್ರತಿಯಲ್ಲಿ ಮಾರ್ಗದರ್ಶಕರು ‘ಪ್ರಾತಿನಿಧ್ಯದ ಕೊರತೆ’ಯೇ ಇರಲಿ ಎಂದರು, ಇರಲಿ. ಟೀಚರುಗಳ ಕೈಗೆ ಹೋಗುವ ಪ್ರತಿಯ ಮುಖಪುಟ: ‘ಹೆಡ್‌ಮೇಷ್ಟ್ರುಗಳಲ್ಲಿ ಹೆಂಗಸರು ಯಾಕೆ ಕಡಿಮೆ?’ ನಾಯಕತ್ವ, ಆಕಾಂಕ್ಷೆ, ಗಾಜಿನ ಚಾವಣಿ ಮೂರನ್ನೂ ಕಿತ್ತುಹಾಕಿದೆ. ಎರಡನೇ ಪ್ರಶ್ನೆ ಈಗ ಹೀಗಿದೆ: ‘ನಿಮ್ಮ ಶಾಲೆಯಲ್ಲಿ ಹೆಡ್‌ಮೇಷ್ಟ್ರ ಹುದ್ದೆ ಮಂಜೂರಾಗಿದೆಯೇ? ಈಗ ಆ ಕೆಲಸ ಮಾಡುತ್ತಿರುವವರು ಹುದ್ದೆಯಲ್ಲಿರುವವರೋ ಇನ್‌ಚಾರ್ಜೋ? ಹೆಂಗಸೋ ಗಂಡಸೋ?’

ಮಂ. ಅವರು ಬರೆದ ಮೇಲೆ ನನಗೆ ಹೊಳೆದದ್ದು: ನಾನು ಓದಿದ ಲೇಖನಗಳಲ್ಲೂ ಈ ಇನ್‌ಚಾರ್ಜ್ ಎಂಬ ಖಾನೆ ಕಣ್ಣಿಗೆ ಬಿದ್ದಿರಲಿಲ್ಲ. ಬೆನಿನ್, ಸೆನೆಗಲ್, ಟೋಗೊ, ಮಡಗಾಸ್ಕರ್‌ಗಳಲ್ಲಿ ಹೆಂಗಸರು ಮುಖ್ಯಸ್ಥರಾಗಿರುವ ಶಾಲೆಗಳ ಮಕ್ಕಳು ಓದು, ಲೆಕ್ಕ ಎರಡರಲ್ಲೂ ಮುಂದಿದ್ದಾರೆ ಎಂದು ಯುನಿಸೆಫ್‌ನ ಸಂಶೋಧಕರು ಬರೆದಿದ್ದಾರೆ. ಅಲ್ಲಿಯ ಟೀಚರುಗಳೂ ಯಾವ ಪದ ಬಳಸುತ್ತಾರೋ ಕೇಳಬೇಕು ಅನ್ನಿಸುತ್ತಿದೆ.

ಕೆ. ಸಾರ್, ‘ಮುಖ್ಯೋಪಾಧ್ಯಾಯಿನಿ’ ಎಲ್ಲೂ ಇಲ್ಲ, ನಿಶ್ಚಿಂತೆಯಿಂದಿರಿ.

ಕೆ., ಮಾಲೂರು

ಸಂತೋಷ. ಆದರೆ ‘ಇನ್‌ಚಾರ್ಜ್’ ಯಾಕೆ? ಸೊಗಸಾದ ‘ಪ್ರಭಾರ’ ಇದೆಯಲ್ಲ. ಸರ್ಕಾರಿ ಆದೇಶದಲ್ಲೂ ಅದೇ ಇರುತ್ತದೆ.

ಮಂ., ಪಾವಗಡ

ಆದೇಶದಲ್ಲಿ ಇರುತ್ತೆ ಸಾರ್. ನನಗೆ ಆದೇಶ ಬಂದಿಲ್ಲ. ಹಿಂದಿನವರು ರಿಟೈರ್ ಆದ ದಿನ ಬೀಗದ ಕೈ ಕೊಟ್ಟು ಹೋದರು.