ಜರ್ಮನಿಯಲ್ಲಿ 6 ತಿಂಗಳು ಮುಗಿದ ಮೇಲೆ ಇಂಡಿಯನ್ ಲೈಸೆನ್ಸ್‌ನಲ್ಲಿ ಇಟಲಿಯಲ್ಲಿ ಕಾರು ಓಡಿಸಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಗೆ ಕೆಲಸಕ್ಕೆಂದು ಮ್ಯೂನಿಕ್‌ಗೆ ಬಂದೆ. ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಬಾಡಿಗೆ ಕಾರಿನಲ್ಲಿ ಆಸ್ಟ್ರಿಯಾ ದಾಟಿ ಇಟಲಿಯ ಗಾರ್ಡಾ ಸರೋವರಕ್ಕೆ ಹೋಗುವ ಆಸೆ. ಆಗಸ್ಟ್ 25ಕ್ಕೆ ಹೊರಟು ಸೆಪ್ಟೆಂಬರ್ 3ಕ್ಕೆ ವಾಪಸ್.

ಊರು ಬಿಡುವ ಮೊದಲೇ ಆರ್‌ಟಿಒದಲ್ಲಿ 1000 ರೂಪಾಯಿ ಕಟ್ಟಿ ಐಡಿಪಿ (ವಿದೇಶದಲ್ಲಿ ಓಡಿಸಲು ಬೇಕಾಗುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡಿಸಿದ್ದೆ. ಅದಕ್ಕೆ ಒಂದು ವರ್ಷ ವ್ಯಾಲಿಡಿಟಿ ಇದೆ. ಹಾಗಾಗಿ ಆರಾಮಾಗಿದ್ದೆ. ಈಗ ನೋಡಿದರೆ, ಇಲ್ಲಿ ನೆಲೆಸಿದವರಿಗೆ ಇಂಡಿಯನ್ ಲೈಸೆನ್ಸ್ ನಡೆಯುವುದು 6 ತಿಂಗಳು ಮಾತ್ರ! ನನ್ನದು ಟ್ರಿಪ್ ಮಧ್ಯದಲ್ಲೇ ಮುಗಿಯುತ್ತದೆ. ಒಟ್ಟು ವಾಸ 12 ತಿಂಗಳು ಮೀರದಿದ್ದರೆ ಅವಧಿ ಹೆಚ್ಚಿಸಿಕೊಳ್ಳಬಹುದಂತೆ, ಆದರೆ ನನ್ನ ಕೆಲಸ ಎರಡು ವರ್ಷದ್ದು. ಜರ್ಮನ್ ಲೈಸೆನ್ಸ್‌ಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಅಷ್ಟರೊಳಗೆ ಆಗುವ ಮಾತಲ್ಲ.

ಕಾರು ಬಾಡಿಗೆಗೆ ಕೊಡುವ ಇಬ್ಬರನ್ನು ಕೇಳಿದೆ. ಒಬ್ಬರು 'ಐಡಿಪಿ ಇದ್ದರೆ ಸಾಕು' ಅಂದರು. ಇನ್ನೊಬ್ಬರು 'ನೀವು ಇಲ್ಲಿಯ ನಿವಾಸಿ, ಆಗಲ್ಲ' ಅಂದರು. ಅಪ್ಪನ ಹತ್ತಿರವೂ ಐಡಿಪಿ ಇದೆ, ಅವರು ಪ್ರವಾಸಿಯಾಗಿ ಬರುವುದರಿಂದ ಈ ತಕರಾರಿಲ್ಲ. ಆದರೆ 66 ವಯಸ್ಸು, ರಸ್ತೆಯ ಎಡಬದಿ ಬಿಟ್ಟು ಓಡಿಸಿದವರೇ ಅಲ್ಲ. ಆಸ್ಟ್ರಿಯಾ-ಇಟಲಿ ಗಡಿಯ ಬ್ರೆನ್ನರ್ ಘಟ್ಟದಲ್ಲಿ ಅವರ ಪಕ್ಕ ಕೂರುವ ಧೈರ್ಯ ನನಗಿಲ್ಲ.

ಆಸ್ಟ್ರಿಯಾದ ವಿನ್ಯೆಟ್ (ಹೆದ್ದಾರಿ ಬಳಸಲು ಕೊಳ್ಳಬೇಕಾದ ಟೋಲ್ ಪಾಸ್), ಬ್ರೆನ್ನರ್‌ನ ಪ್ರತ್ಯೇಕ ಟೋಲ್ ಇವೆಲ್ಲ ಗೊತ್ತು. ಗೊಂದಲ ಇಷ್ಟೇ: ಜರ್ಮನಿಯಲ್ಲಿ 6 ತಿಂಗಳು ಮುಗಿದ ಮೇಲೆ ಇಟಲಿ, ಆಸ್ಟ್ರಿಯಾದಲ್ಲಿ ನನ್ನನ್ನು ಪ್ರವಾಸಿ ಅಂತ ಲೆಕ್ಕ ಹಾಕಿ ಇಂಡಿಯನ್ ಲೈಸೆನ್ಸ್, ಐಡಿಪಿ ಒಪ್ಪುತ್ತಾರಾ? ಅಪಘಾತವಾದರೆ ಇನ್ಶೂರೆನ್ಸ್ ಸಿಗುತ್ತಾ? ಹೀಗೆ ಹೋಗಿಬಂದವರು ಇದ್ದರೆ ದಯವಿಟ್ಟು ತಿಳಿಸಿ.